ನಾನು ತುಂಬಿಟ್ಟ ಪೆಟ್ಟಿಗೆಗಳು

“ಮುಟ್ಟಬ್ಯಾಡ್ರಿ!”

ಶರ್ವರಿ ನನ್ನೊಡನೆ ಆಡಿದ ಮೊದಲ ಮಾತು ಇದು. 1999ರ ಜುಲೈ. ಹೈದರಾಬಾದಿನ ಹೊರಗೆ, ಪಟಾನ್‌ಚೆರುವಿನ ಕಾರ್ಖಾನೆಗಳ ಹೊಗೆ ಮುಗಿದು ಹೊಲಗಳು ಶುರುವಾಗುವ ಕಡೆ ನಮ್ಮ ಬೆಳೆ ಸಂಶೋಧನಾ ಸಂಸ್ಥೆಯಿತ್ತು. ನಾನು ಅಲ್ಲಿಯ ಸಂಖ್ಯಾಶಾಸ್ತ್ರಜ್ಞ. ಬೇರೆಯವರ ಪ್ರಯೋಗಗಳ ಅಂಕಿಗಳನ್ನು ಪಡೆದು, ಅವು ಏನನ್ನು ಸಾಧಿಸುತ್ತವೆ, ಏನನ್ನು ಸಾಧಿಸುವುದಿಲ್ಲ ಎಂದು ಬರೆದುಕೊಡುವುದು ನನ್ನ ಕೆಲಸ. ಹೊಸದಾಗಿ ಬಂದ ವಿಜ್ಞಾನಿಯ ಪರಿಚಯ ಮಾಡಿಕೊಳ್ಳಲು ಆಕೆಯ ಲ್ಯಾಬಿಗೆ ಹೋಗಿ, ಮೇಜಿನ ಮೇಲೆ ಕೈಯೂರಲು ಹೊರಟಿದ್ದೆ. ಕೈ ಗಾಳಿಯಲ್ಲೇ ನಿಂತಿತು.

“ತಪ್ಪು ತಿಳೀಬ್ಯಾಡ್ರಿ. ಇದು ಆರ್‌ಎನ್‌ಎ ಮೇಜು. ಬರಿಗೈ ತಾಗಿದ್ರ ಮೂರು ದಿವಸದ ಕೆಲಸ ಹಾಳು.”

“ನನ್ನ ಕೈ ಅಷ್ಟು ಹೊಲಸು ಅದಾವೇನ್ರಿ?”

“ನಿಮ್ಮವಷ್ಟ ಅಲ್ರಿ, ಎಲ್ಲಾರವೂ. ಬೆವರಿನ್ಯಾಗ ಒಂದು ಕಿಣ್ವ ಇರ್ತೈತಿ. ಆರ್‌ಎನ್‌ಎ ಕಂಡ್ರ ಸಾಕು, ತುಂಡು ತುಂಡು ಮಾಡ್ತೈತಿ. ಡಿಎನ್‌ಎ ಅಂದ್ರ ಕಲ್ಲಿನ ಶಾಸನ. ಆರ್‌ಎನ್‌ಎ ಅಂದ್ರ ಹಲಗಿ ಮ್ಯಾಲಿನ ಬಳಪದ ಅಕ್ಷರ.”

ಮುಖಗವಸಿನ ಮೇಲೆ ಕಾಣುತ್ತಿದ್ದುದು ಎರಡು ಕಣ್ಣು ಮಾತ್ರ. ಅವು ಗದರುತ್ತಿದ್ದವೋ ನಗುತ್ತಿದ್ದವೋ ನಿರ್ಧರಿಸಲು ಆ ದಿನ ನನಗೆ ಸಾಕಷ್ಟು ಆಧಾರ ಸಿಗಲಿಲ್ಲ.

ಆಕೆ ರಾಯಚೂರಿನವಳು. ಹೈದರಾಬಾದಿನಲ್ಲಿ ಡಾಕ್ಟರೇಟ್ ಮುಗಿಸಿ, ನಾಲ್ಕು ವರ್ಷ ಸ್ಕಾಟ್ಲೆಂಡಿನಲ್ಲಿ ಆಲೂಗಡ್ಡೆಯ ವೈರಸ್ಸಿನ ಮೇಲೆ ದುಡಿದು, ತೊಗರಿಗಾಗಿ ಮರಳಿ ಬಂದಿದ್ದಳು. ತೊಗರಿಗೆ ಗೊಡ್ಡು ರೋಗ ಬಡಿದರೆ ಗಿಡ ಸಾಯುವುದಿಲ್ಲ. ಹಸಿರಾಗಿ, ಪೊದೆಯಾಗಿ ಬೆಳೆಯುತ್ತದೆ; ಹೂ ಬಿಡುವುದಿಲ್ಲ. ರೋಗದ ಎಲೆಗಳಿಂದ ವೈರಸ್ಸಿನ ಆರ್‌ಎನ್‌ಎಯನ್ನು ಬಿಡಿಸಿ, ಅದರ ಒಂದೊಂದು ಅಕ್ಷರವನ್ನೂ ಓದುವುದು ಆಕೆಯ ಗುರಿ. ಸಂಸ್ಥೆ ಆಕೆಗೆ ಕೊಟ್ಟಿದ್ದು ಎಂಟು ತಿಂಗಳ ಪರೀಕ್ಷಾವಧಿ. ಮಾರ್ಚಿನೊಳಗೆ ಫಲ ಕಾಣಿಸಿದರೆ ಕೆಲಸ ಉಳಿಯುತ್ತದೆ.

ಆಕೆಗೆ ಆಗ ಮೂವತ್ತೆಂಟು, ನನಗೆ ನಲವತ್ತಮೂರು. ಇಬ್ಬರೂ ಮದುವೆಯಾಗದವರು; ಆಕೆಯ ಜೊತೆ ತಾಯಿ ಇದ್ದರು. ಇಬ್ಬರ ಮನೆಯೂ ಕೂಕಟ್‌ಪಲ್ಲಿಯಲ್ಲಿ.

ಸಂಸ್ಥೆಯ ಬಸ್ಸಿನಲ್ಲಿ ಆಕೆ ಕಿಟಕಿಯ ಪಕ್ಕ ಕೂರುತ್ತಿದ್ದಳು. ನಾನು ಮೊದಲು ಮೂರು ಸೀಟು ಹಿಂದೆ, ಆಗಸ್ಟಿನಲ್ಲಿ ಒಂದು ಸೀಟು ಹಿಂದೆ, ಆಮೇಲೆ ಪಕ್ಕದಲ್ಲಿ.

“ಲೆಕ್ಕದ ಮಾಸ್ತರ, ನೀವು ನಗೋದ ಇಲ್ಲೇನ್ರಿ?”

“ಕಾರಣ ಇದ್ರ ನಗ್ತೀನ್ರಿ.”

“ವಾರಕ್ಕ ಸರಾಸರಿ ಎಷ್ಟು ಸಲ?”

“ಇತ್ತೀಚಿಗೆ ಏರಾಕತ್ತೈತಿ.”

ಆಕೆ ಥಟ್ಟನೆ ಹೊರಗೆ ನೋಡಿದಳು. ಬೀದಿಯುದ್ದಕ್ಕೂ ಕಂಪ್ಯೂಟರ್ ಕೋರ್ಸಿನ ಬೋರ್ಡುಗಳು, ಕೈಯಲ್ಲಿ ಫೈಲು ಹಿಡಿದ ಹುಡುಗರು. ಆಕೆ ಅವರನ್ನು ನೋಡುತ್ತಿರಲಿಲ್ಲ. ಕಿಟಕಿಯ ಗಾಜಿನಲ್ಲಿ ಆಕೆಯ ನಗು ನನಗೆ ಕಂಡಿತು. ನಾನು ಕಂಡದ್ದು ಆಕೆಗೂ ಕಂಡಿತು.

ಮಧ್ಯಾಹ್ನ ಊಟದ ಡಬ್ಬಿ ತೆರೆದರೆ ಜೋಳದ ರೊಟ್ಟಿ, ಪುಂಡಿಪಲ್ಯ. ಕೇಳದೆಯೇ ಅರ್ಧ ರೊಟ್ಟಿ ನನ್ನ ಮುಚ್ಚಳದ ಮೇಲೆ ಬೀಳುತ್ತಿತ್ತು. “ಅರ್ಧ ಅಂದ್ರ ಅರ್ಧನ ಐತೇನು, ಅಳದು ನೋಡ್ರಿ,” ಎಂದು ಕಾಡುತ್ತಿದ್ದಳು. ನಾನು ಗಂಭೀರವಾಗಿ ನೋಡಿ, “ನನ್ನ ಕಡೆ ಜಾಸ್ತಿ ಬಂದೈತ್ರಿ,” ಎಂದರೆ, “ಅದು ನನ್ನ ತಪ್ಪಲ್ಲ, ಕೈ ಹಂಗ ಹರೀತು,” ಎಂದು ಕಣ್ಣು ತಗ್ಗಿಸುತ್ತಿದ್ದಳು.

ಆದರೆ ಊಟ ಮುಗಿದ ಮೇಲೆ ಆಕೆ ಸಂಜೆಯವರೆಗೆ ಮಾಡುತ್ತಿದ್ದ ಕೆಲಸ ನನಗೆ ಸಹಿಸಲಾಗುತ್ತಿರಲಿಲ್ಲ. ಹನಿ ಅಳೆಯುವ ಪಿಪೆಟ್ಟಿನ ತುದಿಗೆ ಸಿಕ್ಕಿಸುವ ಬೆರಳುದ್ದದ ಪ್ಲಾಸ್ಟಿಕ್ ಕೊಳವೆಗಳಿಗೆ ಟಿಪ್ಸ್ ಎನ್ನುತ್ತಾರೆ. ಒಂದು ಹನಿಗೆ ಒಂದು ಟಿಪ್, ಆಮೇಲೆ ಅದು ಕಸ. ಅವು ಮೂಟೆಯಲ್ಲಿ ಬರುತ್ತವೆ. ಪೆಟ್ಟಿಗೆಯ ತೂತುಗಳಲ್ಲಿ ಒಂದೊಂದನ್ನೇ ನಿಲ್ಲಿಸಿ, ಆಟೋಕ್ಲೇವ್ ಎಂಬ ದೊಡ್ಡ ಪ್ರೆಶರ್ ಕುಕ್ಕರಿನಲ್ಲಿ ಬೇಯಿಸಬೇಕು. ಎಂಟು ಸಾಲು, ಸಾಲಿಗೆ ಹನ್ನೆರಡು, ಪೆಟ್ಟಿಗೆಗೆ ತೊಂಬತ್ತಾರು. ಲ್ಯಾಬಿನ ಸಹಾಯಕಿ ಹುಸೇನಮ್ಮನಿಗೆ ಬೆರಳ ಸಂದುಗಳು ಬಾತು, ದಿನಕ್ಕೆ ನಾಲ್ಕು ಪೆಟ್ಟಿಗೆಯೂ ಆಗುತ್ತಿರಲಿಲ್ಲ. ಉಳಿದವನ್ನು ಶರ್ವರಿ ತುಂಬುತ್ತಿದ್ದಳು. ವೈರಸ್ಸನ್ನು ಓದಬೇಕಾದವಳು ಪ್ಲಾಸ್ಟಿಕ್ ಎಣಿಸುತ್ತಿದ್ದಳು.

ಸೆಪ್ಟೆಂಬರಿನ ಮೊದಲ ವಾರದಿಂದ ಮಂಗಳವಾರ ಮತ್ತು ಗುರುವಾರ ನಾನು ಕಾರ್ಖಾನೆಯ ಕಾರ್ಮಿಕರ ಜೊತೆ ಆರೂವರೆಯ ಸಿಟಿ ಬಸ್ಸು ಹಿಡಿದೆ. ಹುಸೇನಮ್ಮ ಬಾಗಿಲು ತೆರೆಯುತ್ತಿದ್ದಳು. ಹೊರಗಿನ ಕೋಣೆಯಲ್ಲಿ ಕೂತು ಹತ್ತು ಪೆಟ್ಟಿಗೆ ತುಂಬಿಡುತ್ತಿದ್ದೆ. ಶರ್ವರಿ ಬರುವಷ್ಟರಲ್ಲಿ ನಾನು ನನ್ನ ಕೋಣೆಯಲ್ಲಿ; ಹುಸೇನಮ್ಮ ಬೇಗ ಬಂದು ತುಂಬಿದ್ದೆಂದು ಆಕೆ ತಿಳಿಯುತ್ತಿದ್ದಳು.

“ಮೇಡಮ್ಮಿಗೆ ಹೇಳಬ್ಯಾಡ, ಹುಸೇನಮ್ಮ.”

“ನಾ ಯಾಕ ಹೇಳ್ಲಿ ಸಾಬ್? ಹೂವು ಕೊಡೋ ವಯಸ್ಸಿನ್ಯಾಗ ಪಿಲಾಸ್ಟಿಕ್ ಕೊಡಾಕತ್ತೀರಿ, ಕೊಡ್ರಿ,” ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ ನನ್ನ ಕೈ ನೋಡಿ ನಗು ನಿಲ್ಲಿಸಿದಳು. “ಗ್ಲೌಸ್ ಹಾಕ್ಕೋರಿ ಸಾಬ್.”

ಗ್ಲೌಸ್ ಹಾಕಿದರೆ ಟಿಪ್ಸ್ ಬೆರಳಿಗೆ ಅಂಟುತ್ತಿದ್ದವು. ಹತ್ತು ಪೆಟ್ಟಿಗೆಯ ಜಾಗದಲ್ಲಿ ಆರಾಗುತ್ತಿತ್ತು. “ನೂರಾ ಇಪ್ಪತ್ತೊಂದು ಡಿಗ್ರಿಯಾಗ ಬೇಯಿಸ್ತೀಯಲ್ಲ, ಹುಸೇನಮ್ಮ. ಅದರಾಗ ಉಳಿಯೋದು ಏನೈತಿ?” ಎಂದು ನಕ್ಕೆ.

“ನೀವು ಓದಿದವ್ರು,” ಎಂದು ಆಕೆ ತನ್ನ ಪೆಟ್ಟಿಗೆಯ ಕಡೆ ತಿರುಗಿದಳು.

ನನ್ನ ಜೀವನದ ಅತ್ಯಂತ ಸುಖದ ಬೆಳಗುಗಳು ಅವೇ ಎಂದು ಬರೆಯಲು ನನಗೆ ಈಗಲೂ ನಾಚಿಕೆಯಾಗುತ್ತದೆ.

ಸೆಪ್ಟೆಂಬರಿನಲ್ಲೇ ಆಕೆಯ ಆರ್‌ಎನ್‌ಎ ಕೆಡತೊಡಗಿತು. ಚೆನ್ನಾಗಿದ್ದರೆ, ಪರೀಕ್ಷಿಸುವ ಜೆಲ್ ಎಂಬ ಲೋಳೆಯ ಹಾಳೆಯಲ್ಲಿ ಅದು ಎರಡು ಸ್ಪಷ್ಟ ಪಟ್ಟಿಗಳಾಗಿ ಹೊಳೆಯುತ್ತದೆ. ಈಗ ಒರೆಸಿದ ಹಲಗೆಯಂತೆ ಮಸುಕು, ತಳದಲ್ಲಿ ಚೂರುಗಳ ರಾಶಿ. ಆಕೆ ನೀರು ಬದಲಿಸಿದಳು, ರಾಸಾಯನಿಕ ಬದಲಿಸಿದಳು, ಫ್ರೀಜರ್ ಬದಲಿಸಿದಳು. ನವೆಂಬರಿನಲ್ಲಿ ಅಣ್ಣನ ಕಣ್ಣಿನ ಆಪರೇಷನ್ನಿಗೆಂದು ನಾನು ಗುಲಬರ್ಗಾದಲ್ಲಿ ಮೂರು ವಾರ ಇದ್ದಾಗ ಫೋನಿನಲ್ಲಿ ಆಕೆಯ ಧ್ವನಿ ಕುಣಿಯುತ್ತಿತ್ತು: “ಮಾಸ್ತರ, ಬಂತ್ರಿ! ಎರಡು ಪಟ್ಟಿ, ಗೆರಿ ಎಳದಂಗ!” ನಾನು ಮರಳಿದ ವಾರವೇ ಮತ್ತೆ ಮಸುಕು.

ಆಕೆ ಬಸ್ಸಿನಲ್ಲಿ ಮಾತು ಕಡಿಮೆ ಮಾಡಿದಳು. ಕಣ್ಣ ಕೆಳಗೆ ಕಪ್ಪು ಇಳಿಯಿತು. ನಾನು ಏನು ಮಾಡಿದೆ? ಪಾಪ, ದಣಿದಿದ್ದಾಳೆಂದು ಹತ್ತರ ಬದಲು ಹನ್ನೆರಡು ಪೆಟ್ಟಿಗೆ ತುಂಬಿದೆ.

ಜನವರಿಯಲ್ಲಿ ವಿಭಾಗದ ಮುಖ್ಯಸ್ಥ ರವಿಶಂಕರ್ ಲ್ಯಾಬಿಗೆ ಬಂದರು. ಮೈಸೂರಿನವರು, ಮೆತ್ತಗೆ ಮಾತಾಡಿ ಕಠಿಣ ಕೆಲಸ ಮುಗಿಸುವವರು. “ಪಾತ್ರೆ ತೊಳೆಯೋದು ಸರಿಯಾಗ್ತಿಲ್ಲ ಅನ್ಸುತ್ತೆ. ಆಯಮ್ಮನ್ನ ಗಾಜಿನ ಮನೆಗೆ ಹಾಕೋಣ, ಕುಂಡಕ್ಕೆ ಮಣ್ಣು ತುಂಬಲಿ,” ಎಂದರು. ಹನ್ನೊಂದು ವರ್ಷ ಅದೇ ಲ್ಯಾಬಿನಲ್ಲಿ ದುಡಿದ ಹುಸೇನಮ್ಮ ತನ್ನ ಚಪ್ಪಲಿ, ಟಿಫಿನ್ ಡಬ್ಬಿ ಎತ್ತಿಕೊಂಡು ಹೋದಳು. ಹೋಗುವಾಗ ನನ್ನನ್ನು ಒಮ್ಮೆ ನೋಡಿದಳು. ಆ ನೋಟದ ಅರ್ಥ ನನಗೆ ಆಗ ತಿಳಿಯಲಿಲ್ಲ.

ಕಪಾಟಿನಲ್ಲಿ ಉಳಿದ ಪೆಟ್ಟಿಗೆಗಳಿಂದ ಶರ್ವರಿ ಮತ್ತೆ ಪ್ರಯತ್ನಿಸಿದಳು. ಮತ್ತೆ ಮಸುಕು. ಆಕೆ ಏಳು ತಿಂಗಳ ನೋಟುಪುಸ್ತಕಗಳನ್ನೆಲ್ಲ ತಂದು ನನ್ನ ಮೇಜಿನ ಮೇಲಿಟ್ಟಳು.

“ಎಲ್ಲಾ ಇದರಾಗ ಐತ್ರಿ. ತಾರೀಖು, ನೀರು, ಮದ್ದು, ಬಿಸಿಲು, ಯಾರು ಮಾಡಿದ್ರು. ಎಲ್ಲಿ ಕೆಡಾಕತ್ತೈತಿ ನೀವ ಹೇಳ್ರಿ. ನನ್ನ ಕಣ್ಣು ನಂಬೋದು ಬಿಟ್ಟೀನಿ. ನಿಮ್ಮ ಲೆಕ್ಕ ನಂಬ್ತೀನಿ.”

ನಾಲ್ಕು ದಿನ ಕೂತೆ. ನೀರಿನ ಕಂತು ಹೊಂದಲಿಲ್ಲ; ರಾಸಾಯನಿಕ ಹೊಂದಲಿಲ್ಲ; ಹವೆ ಹೊಂದಲಿಲ್ಲ. ಕೊನೆಗೆ ಒಳ್ಳೆಯ ದಿನಗಳನ್ನಷ್ಟೇ ಬಿಡಿಸಿ ಬರೆದೆ: ಜುಲೈ, ಆಗಸ್ಟ್, ನವೆಂಬರಿನ ಮೂರು ವಾರ. ಆ ನವೆಂಬರಿನ ತಾರೀಖುಗಳು ನನಗೆ ಪರಿಚಿತವೆನಿಸಿದವು. ಗೋಡೆಯ ಕ್ಯಾಲೆಂಡರಿನಲ್ಲಿ ನನ್ನ ರಜೆಗೆ ನಾನೇ ಕೆಂಪು ಗೆರೆ ಎಳೆದಿದ್ದೆ. ಒಂದು ದಿನವೂ ಹೆಚ್ಚುಕಡಿಮೆಯಿರಲಿಲ್ಲ. ಆಕೆಯ ಕೋಷ್ಟಕದಲ್ಲಿ ಇಲ್ಲದ ಒಂದೇ ಒಂದು ಕಾಲಮ್ಮು ನಾನು.

ಮಧ್ಯಾಹ್ನ ರೊಟ್ಟಿ ಮುರಿಯುತ್ತ, ಸುಮ್ಮನೆ ಎಂಬಂತೆ ಕೇಳಿದೆ:

“ಆ ಬೆವರಿನ ಕಿಣ್ವ, ಬೇಯಿಸಿದ್ರ ಸಾಯೋದಿಲ್ಲೇನ್ರಿ?”

ಎಷ್ಟೋ ದಿನಗಳ ಮೇಲೆ ಆಕೆ ನಕ್ಕಳು. “ಏನು ಮಾಸ್ತರ, ಕಡೀಕೂ ಜೀವಶಾಸ್ತ್ರ ಕಲಿಯಾಕತ್ತೀರಿ! ಅದು ಭಾಳ ಹಟಮಾರಿ ಐತ್ರಿ. ಆಟೋಕ್ಲೇವಿನ್ಯಾಗ ಮೂರ್ಛೆ ಹೋಗ್ತೈತಿ, ತಣ್ಣಗಾದ ಮ್ಯಾಲೆ ಎದ್ದು ಕೂಡ್ತೈತಿ. ಅದಕ್ಕ ನಾವು ಗ್ಲೌಸ್ ಇಲ್ದ ಏನೂ ಮುಟ್ಟೋದಿಲ್ಲ. ಯಾಕ್ರಿ?”

“ಸುಮ್ನ.”

ಉಳಿದ ರೊಟ್ಟಿಯನ್ನು ಡಬ್ಬಿಯಲ್ಲೇ ಮುಚ್ಚಿಟ್ಟೆ.

ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಮರುದಿನ ಎರಡು ಪುಟದ ವರದಿ ಬರೆದುಕೊಟ್ಟೆ. ಕೊನೆಯ ಸಾಲು: “ದಾಖಲಾದ ಯಾವ ಅಂಶವೂ ಈ ವೈಫಲ್ಯವನ್ನು ವಿವರಿಸುವುದಿಲ್ಲ.” ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಇಪ್ಪತ್ತು ವರ್ಷ ಸತ್ಯದ ಲೆಕ್ಕ ಬರೆದ ಕೈ, ಸುಳ್ಳನ್ನು ಅಷ್ಟು ನಿರ್ದೋಷವಾಗಿ ಬರೆಯಬಲ್ಲದೆಂದು ನನಗೆ ತಿಳಿದದ್ದು ಅಂದು.

ಆಕೆ ನಿಂತೇ ಓದಿದಳು. ಎರಡು ಸಲ ಓದಿದಳು.

“ಹಂಗಾದ್ರ ನೀರಲ್ಲ, ಮದ್ದಲ್ಲ, ಹುಸೇನಮ್ಮನೂ ಅಲ್ಲ,” ಎಂದು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. “ಉಳದದ್ದು ಇವು.”

ಮರುದಿನದಿಂದ ಆಕೆ ಪ್ರಯೋಗ ನಿಲ್ಲಿಸಿದಳು. ಹೈಟೆಕ್ ಸಿಟಿಯ ಒಂದು ಸಾಫ್ಟ್‌ವೇರ್ ಕಂಪನಿ ಜೀವಶಾಸ್ತ್ರ ಬಲ್ಲವರನ್ನು ಹುಡುಕುತ್ತಿತ್ತು. ಬೇರೆಯವರು ಓದಿದ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿಡುವ ಕೆಲಸ. ಸೋಮವಾರ, ಫೆಬ್ರುವರಿ ಇಪ್ಪತ್ತೊಂದಕ್ಕೆ ಸಹಿ ಮಾಡಬೇಕು. ಅಂದು ಸಹಿಯಾದರೆ ಹದಿನೈದು ವರ್ಷದ ವಿದ್ಯೆ ಅಲ್ಲಿಗೆ ಮುಗಿಯಿತು.

ನಾನು ದಿನ ಎಣಿಸಿದೆ. ಒಂದು, ಎರಡು, ಏಳು, ಹನ್ನೆರಡು. ಪ್ರತಿ ಬೆಳಗ್ಗೆ ಬಸ್ಸಿನಲ್ಲಿ ಬಾಯಿ ತೆರೆದೆ. ಪ್ರತಿ ಬೆಳಗ್ಗೆ ಆಕೆ ನನ್ನ ಕಡೆ ಆತ್ಮೀಯವಾಗಿ ನೋಡಿದಳು. ಆ ನೋಟ ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

ಹದಿನೆಂಟನೆಯ ದಿನ ಗಾಜಿನ ಮನೆಯ ಹತ್ತಿರ ಹುಸೇನಮ್ಮ ಸಿಕ್ಕಳು. ಬಾತ ಬೆರಳುಗಳ ತುಂಬ ಮಣ್ಣು.

“ಆರಾಮಿದ್ದೀರೇನ್ರಿ ಸಾಬ್?”

ನಾನು ಆ ಬೆರಳುಗಳನ್ನೇ ನೋಡಿದೆ.

“ನನಗ ಕುದಿಸೋದು ಬರ್ತದ, ಓದೋದು ಬರೋದಿಲ್ಲ. ಆದ್ರ ಹನ್ನೊಂದು ವರ್ಷ ನನ್ನ ಕೈಯಾಗ ಕೆಡದಿದ್ದು ಈಗ್ಯಾಕ ಕೆಟ್ಟಿತು? ಅಷ್ಟು ಲೆಕ್ಕ ನನಗೂ ಬರ್ತದ.”

“ನೀ ಯಾಕ ಹೇಳಲಿಲ್ಲ, ಹುಸೇನಮ್ಮ?”

“ಹೇಳಬ್ಯಾಡ ಅಂದಿದ್ರಲ್ಲ. ನಾ ಮಾತು ಕೊಟ್ಟಿದ್ದೆ.” ಆಕೆ ಕುಂಡಕ್ಕೆ ಮಣ್ಣು ಒತ್ತಿದಳು. “ಸಾಬ್ ದೊಡ್ಡ ಮನಷ್ಯಾ, ತಾನ ಹೇಳ್ತಾನ ಅಂತ ದಿನಾ ಕಾಯ್ದೆ. ಲೆಕ್ಕ ಬಿಟ್ಟು ನಿಮಗ ಬ್ಯಾರೆ ಏನೂ ಬರೋದಿಲ್ಲೇನ್ರಿ?”

ಮರುದಿನ ಶನಿವಾರ. ಹೊಸ ಆಫೀಸಿಗೆ ಸೀರೆ ಕೊಳ್ಳಬೇಕು, ಜೊತೆಗೆ ಬನ್ನಿ ಎಂದು ಶರ್ವರಿ ತಾನಾಗಿ ಕರೆದಿದ್ದಳು. ಸುಲ್ತಾನ್ ಬಜಾರಿನ ಅಂಗಡಿಯಲ್ಲಿ ಅಂಗಡಿಯವ ಒಂದರ ಮೇಲೊಂದು ಹತ್ತಿಯ ಸೀರೆ ಬಿಚ್ಚಿ ಹಾಕಿ ಬೇರೆ ಗಿರಾಕಿಯ ಕಡೆ ಹೋದ.

“ಅಲ್ಲಿ ಎಲ್ಲಾ ಇಪ್ಪತ್ತೆರಡು ವರ್ಷದ ಹುಡುಗ್ರು ಇರ್ತಾರಂತ. ಮುದುಕಿ ಬಂದಾಳ ಅಂತ ನಗಬಾರ್ದು. ಈ ನೀಲಿ ಹೆಂಗ ಐತ್ರಿ?”

“ಚಂದ ಐತಿ.”

“ಎಲ್ಲಾದಕ್ಕೂ ಚಂದ ಐತಿ ಅಂದ್ರ ಹೆಂಗ? ನೂರಕ್ಕ ಎಷ್ಟು ಮಾರ್ಕು, ಅದು ಹೇಳ್ರಿ.” ಆಮೇಲೆ ಧ್ವನಿ ತಗ್ಗಿಸಿದಳು. “ಅಲ್ಲಿ ವಾರಕ್ಕ ಐದ ದಿವಸ ಕೆಲಸ. ಇಷ್ಟು ವರ್ಷ ರವಿವಾರನೂ ಲ್ಯಾಬಿಗೆ ಹೋದಾಕಿ ನಾನು. ಇನ್ನ ಎರಡು ದಿವಸ ಸೂಟಿ ಸಿಕ್ರ ಏನು ಮಾಡ್ಲಿ? ಮನ್ಯಾಗ ಅವ್ವ ಅದಾಳ, ಆದ್ರೂ ಒಬ್ಬಾಕೀನ ಕಳಿಯೋದು ಬ್ಯಾಸರ ಅನಸ್ತೈತ್ರಿ.”

ಸೀರೆಯ ಅಂಚನ್ನು ಮುಖದವರೆಗೆ ಎತ್ತಿ, ಅದರ ಮೇಲಿಂದ ನನ್ನನ್ನು ನೋಡಿದಳು. ಈ ಸಲ ಆ ಕಣ್ಣುಗಳ ವಿಷಯದಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ. ಅವು ನನ್ನನ್ನು ಕೇಳುತ್ತಿದ್ದವು. ನಾನು “ಹೂಂ” ಎಂದಿದ್ದರೆ ಸಾಕಿತ್ತು. ನಾನು ಬಯಸಿದ್ದೆಲ್ಲ ಆ ಒಂದು ಅಕ್ಷರಕ್ಕೆ ಸಿಗುತ್ತಿತ್ತು, ಆಕೆಯ ವಿದ್ಯೆಯೊಂದನ್ನು ಬಿಟ್ಟು.

“ಶರ್ವರಿಯವರ, ನಿಮ್ಮ ಕೈಯಾಗ ಏನೂ ತಪ್ಪಿಲ್ಲ. ಆ ಟಿಪ್ಸ್ ತುಂಬಿದವ ನಾನು. ಬರಿಗೈಲೆ.”

ಎಲ್ಲವನ್ನೂ ಹೇಳಿದೆ. ಆರೂವರೆಯ ಬಸ್ಸು, ಹುಸೇನಮ್ಮನ ಎಚ್ಚರಿಕೆ, ನನ್ನ ನಗು, ನವೆಂಬರ್, ಕೆಂಪು ಗೆರೆ. ಆಕೆ ಕೇಳುತ್ತ ಕೇಳುತ್ತ ಆ ನೀಲಿ ಸೀರೆಯನ್ನು ಮಡಿಕೆಯ ಮೇಲೆ ಮಡಿಕೆಯಿಟ್ಟು ಮೊದಲಿನಂತೆಯೇ ಮಡಿಸಿದಳು.

“ನಿಮಗ ಗೊತ್ತಾಗಿ ಎಷ್ಟು ದಿವಸ ಆತು?”

“ಹತ್ತೊಂಬತ್ತು.”

“ರೊಟ್ಟಿ ತಿನ್ನೋವಾಗ ಕೇಳಿದ್ರಲ್ಲ. ಅವತ್ತ?”

“ಹೌದು.”

“ಪೆಟ್ಟಿಗಿ ತುಂಬಿದ್ದು ಗೊತ್ತಿಲ್ದ ಮಾಡಿದ್ದು. ಅದಕ್ಕ ನಾ ಜಗಳಾಡಿ ಮರೀತಿದ್ದೆ. ಈ ಹತ್ತೊಂಬತ್ತು ದಿವಸ ಗೊತ್ತಿದ್ದು ಮಾಡಿದ್ದು. ನಾ ದಿನಾ ನನ್ನ ಕೈ ನೋಡಿಕೊಂಡು ಅಳತಿದ್ದೆ, ಮಾಸ್ತರ. ನೀವು ಬಾಜೂಕ ಕೂತಿದ್ರಿ.”

ಮಡಿಸಿದ ಸೀರೆಯನ್ನು ರಾಶಿಯ ಮೇಲಿಟ್ಟಳು.

“ಸೋಮವಾರ ಮೀಟಿಂಗಿನ್ಯಾಗ ಎಲ್ಲಾರ ಮುಂದ ಹೇಳ್ರಿ. ಅದಕ್ಕೂ ಮೊದ್ಲ ಹುಸೇನಮ್ಮನ ಹತ್ರ ಹೋಗ್ರಿ.” ಜನರ ನಡುವೆ ಹೊಕ್ಕು ಹೋದಳು. ಸೀರೆ ಕೊಳ್ಳಲಿಲ್ಲ.

ಸೋಮವಾರ ಬೆಳಗ್ಗೆ ಹುಸೇನಮ್ಮನ ಮುಂದೆ ಕೈಮುಗಿದೆ. “ನನಗ ಕೈ ಮುಗಿದು ಏನಾಗ್ತದ? ಒಳಗ ಹೋಗ್ರಿ, ಮೀಟಿಂಗ್ ಸುರು ಆಗ್ತದ,” ಎಂದಳು.

ಹದಿನಾಲ್ಕು ಜನರ ಮುಂದೆ ಎದ್ದು ನಿಂತು ಹೇಳಿದೆ. ರವಿಶಂಕರ್ ಕನ್ನಡಕ ತೆಗೆದರು.

“ಅಲ್ಲ ಕೇದಾರ್, ನೀವ್ಯಾಕೆ ಟಿಪ್ಸ್ ತುಂಬೋಕೆ ಹೋದ್ರಿ? ಅದು ನಿಮ್ಮ ಕೆಲಸವೇ ಅಲ್ಲವಲ್ಲ!”

“ಅವರ ಸಮಯ ಉಳೀಲಿ ಅಂತ, ಸರ್.”

ಯಾರೋ ಕಿಸಕ್ಕನೆ ನಕ್ಕರು. ಎಲ್ಲರ ತಲೆ ಶರ್ವರಿಯ ಕಡೆ ತಿರುಗಿತು. ಆಕೆ ನೋಟುಪುಸ್ತಕದಿಂದ ಕಣ್ಣೆತ್ತಲಿಲ್ಲ; ಕಿವಿ ಕೆಂಪಾಗಿತ್ತು. ನನ್ನ ತಪ್ಪನ್ನು ಒಪ್ಪಿಕೊಳ್ಳುವಾಗಲೂ ನಾನು ಆಕೆಯನ್ನು ನಗೆಗೆ ಒಡ್ಡಿದ್ದೆ. ಆ ದಿನದ ನಾಚಿಕೆಗಳಲ್ಲಿ ಯಾವುದು ದೊಡ್ಡದೆಂದು ನಾನು ಇನ್ನೂ ತೀರ್ಮಾನಿಸಿಲ್ಲ.

ಆಕೆ ಕಂಪನಿಗೆ ಸಹಿ ಮಾಡಲಿಲ್ಲ. ಹುಸೇನಮ್ಮ ಲ್ಯಾಬಿಗೆ ಮರಳಿದಳು. ಹೊಸ ಟಿಪ್ಸ್ ಬಂದ ಮೂರನೆಯ ದಿನ ಎರಡು ಪಟ್ಟಿಗಳು ಹೊಳೆದವೆಂದು ಬೇರೆಯವರಿಂದ ಕೇಳಿದೆ. ರವಿಶಂಕರ್ ಅವಧಿಯನ್ನು ಆರು ತಿಂಗಳು ಮುಂದುವರಿಸಿದರು. ಆದರೆ ಮೇ ತಿಂಗಳಲ್ಲಿ ಬೇರೊಂದು ದೇಶದ ತಂಡ, ಆಕೆ ಓದುತ್ತಿದ್ದ ತುಣುಕನ್ನೇ ಓದಿ ಪ್ರಕಟಿಸಿತು. ಐದು ತಿಂಗಳು ಕೆಡದಿದ್ದರೆ ಅಲ್ಲಿ ಆಕೆಯ ಹೆಸರಿರುತ್ತಿತ್ತು. ಬಸ್ಸಿನಲ್ಲಿ ನಾನು ಮತ್ತೆ ಮೂರು ಸೀಟು ಹಿಂದೆ ಕೂತೆ.

ಜೂನ್ ಕೊನೆಗೆ ಆಕೆ ನನ್ನ ಕೋಣೆಗೆ ಬಂದಳು. ಐದು ಊರಿನ ಹೊಲಗಳಲ್ಲಿ ವೈರಸ್ಸು ಹೇಗೆ ಬೇರೆಬೇರೆಯಾಗಿದೆ ಎಂಬ ಹೊಸ ಪ್ರಬಂಧ. ಆರು ತಿಂಗಳ ಅವಧಿಯ ಕೊನೆಯ ಆಸರೆ. ಹಾಳೆಗಳನ್ನು ಇಟ್ಟು, ಎದುರಿಗೆ ಕೂತಳು.

“ನೋಡ್ರಿ.”

ನೋಡಿದೆ. ಒಂದು ಗಂಟೆ ಹಿಡಿಯಿತು. ಆಕೆ ಏಳಲಿಲ್ಲ.

“ಮೂರು ಊರಿನ ಲೆಕ್ಕ ಗಟ್ಟಿ ಐತ್ರಿ. ಎರಡು ಊರಿನದು ನಿಲ್ಲೋದಿಲ್ಲ. ಗಿಡ ಕಡಿಮಿ ಅದಾವು.”

“ಆ ಎರಡು ಬಿಟ್ರ ಪ್ರಬಂಧ ಸಣ್ಣದಾಗ್ತೈತಿ.”

“ಆಗ್ತೈತಿ.”

“ದೊಡ್ಡ ಪತ್ರಿಕೆಯವ್ರು ತೊಗೊಳ್ಳೋದಿಲ್ಲ. ನನ್ನ ಕೆಲಸ ಹೋಗಬಹುದು.”

“ಹೋಗಬಹುದ್ರಿ.” ಆಕೆಯ ಮುಖ ನೋಡಲಾಗದೆ ಹಾಳೆಗೆ ಹೇಳಿದೆ. “ಆದ್ರ ಇಲ್ಲದ್ದನ್ನ ಐತಿ ಅಂತ ನಿಮಗ ಹೇಳೋದಿಲ್ಲ. ಇದ್ದದ್ದನ್ನ ಇಲ್ಲ ಅಂತನೂ.”

 ಆಕೆ ನನ್ನ ಪೆನ್ನು ತೆಗೆದುಕೊಂಡು ಆ ಎರಡು ಊರಿನ ಸಾಲುಗಳ ಮೇಲೆ ತಾನೇ ಅಡ್ಡಗೆರೆ ಎಳೆದಳು.

“ರವಿವಾರ ಮನಿಗೆ ಬರ್ರಿ,” ಎಂದಳು ಏಳುತ್ತ. “ಅವ್ವಗ ಇನ್ನೂ ಪೂರಾ ಹೇಳಿಲ್ಲ ನಾನು. ನೀವ ಹೇಳಬೇಕು.”

ಆ ಸಣ್ಣ ಪ್ರಬಂಧ ಸಣ್ಣ ಪತ್ರಿಕೆಯಲ್ಲೇ ಬಂತು. ಕೆಲಸ ಉಳಿಯಿತು. ಆದರೆ ಅದು ಆಮೇಲಿನ ಮಾತು. ಆ ರವಿವಾರ ಅದಾವುದೂ ನಮಗೆ ತಿಳಿದಿರಲಿಲ್ಲ.

ಕೂಕಟ್‌ಪಲ್ಲಿಯ ಮೂರನೆಯ ಮಹಡಿಯ ಆ ಮನೆಯಲ್ಲಿ ಆಕೆಯ ತಾಯಿ ಸಾವಿತ್ರಿಬಾಯಿ ಕುರ್ಚಿ ತೋರಿಸಿದರು. ನಾನು ಅಂಚಿನಲ್ಲಿ ಕೂತು, ನೆಲ ನೋಡುತ್ತ, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಮೀಟಿಂಗಿಗಿಂತ ಇದು ಕಷ್ಟವಾಗಿತ್ತು.

“ಇಕಿ ನಾಲ್ಕೈದು ತಿಂಗಳು ಊಟ ಬಿಟ್ಟಿದ್ಲು. ಅದಕ್ಕ ಕಾರಣ ನೀವೇನು?”

“ಹೌದ್ರಿ.”

“ಗೊತ್ತಾದ ಮ್ಯಾಲೂ ಬಾಯಿ ಬಿಡಲಿಲ್ಲ?”

“ಇಲ್ರಿ.”

“ನೋಡಿದ್ರ ಸಣ್ಣ ಮನಷ್ಯಾ ಅನಸೋದಿಲ್ಲ. ಬೆಳಗಮುಂಜಾನೆ ಎದ್ದು ಯಾರರ ಕೊಳವಿ ತುಂಬತಾರೇನು? ಅದನ್ನ ಯಾಕ ಮಾಡಿದ್ರಿ?”

ಸಮಯ ಉಳಿಯಲೆಂದು ಎನ್ನಲು ಹೊರಟೆ. ಆ ಉತ್ತರ ಅರ್ಧ ಸತ್ಯ; ಅರ್ಧ ಸತ್ಯದ ರುಚಿ ನನಗೆ ಈಗ ಗೊತ್ತಿತ್ತು.

“ಪ್ರೀತಿಯಿಂದ್ರಿ,” ಎಂದೆ, ನೆಲಕ್ಕೆ.

ಒಳಗೆ ಪಾತ್ರೆಯ ಸದ್ದು ನಿಂತಿತು. ಶರ್ವರಿ ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು. ಆಕೆಯ ಪಾದಗಳಷ್ಟೇ ನನಗೆ ಕಾಣುತ್ತಿದ್ದವು.

“ಅವ್ವಾ, ಈ ಮಾತು ನನಗ ಇನ್ನೂ ಹೇಳಿಲ್ಲ ನೋಡು ಇವ್ರು. ಬಂದು ಬಂದು ನಿನಗ ಹೇಳಾಕತ್ತಾರ.”

“ಈಗ ನೀನೂ ಕೇಳಿದೆಲ್ಲ,” ಎಂದರು ಸಾವಿತ್ರಿಬಾಯಿ. “ಏನಂತಿ?”

“ನೆಲಕ್ಕ ಹೇಳಿದ್ದು ನಾ ಒಪ್ಪೋದಿಲ್ಲ. ಇನ್ನೊಮ್ಮೆ ಹೇಳ್ಲಿ. ಮುಖ ನೋಡಿ ಹೇಳ್ಲಿ.”

ನಾಚಿಕೆ ಹಾಗೆಯೇ ಇತ್ತು. ಅದರೊಡನೆಯೇ ತಲೆ ಎತ್ತಿದೆ.